ತೊಟ್ಟಿಲ ಪದದ ಗವಾಯಿ

ಈ ಬರಹದಲ್ಲಿ ನಾನು ಕಣ್ಣಾರೆ ಕಂಡದ್ದೂ ಇದೆ, ಕಿವಿಯಾರೆ ಕೇಳಿದ್ದೂ ಇದೆ. ಕಂಡದ್ದನ್ನು ಓದುಗರು ನಂಬಬಹುದು. ಕೇಳಿದ್ದರ ಬಗ್ಗೆ ಈಗ ನನಗೇ ಭರವಸೆ ಇಲ್ಲ. ಮಾನ್ವಿಯ ಆ ಅಮಾವಾಸ್ಯೆಯ ಮಧ್ಯಾಹ್ನ ಕಳೆದಮೇಲೆ, ಬೀದಿಯಲ್ಲಿ ಯಾರಾದರೂ ನನ್ನನ್ನು ಕೂಗಿದರೆ ಮೊದಲು ತಿರುಗಿ ನೋಡುತ್ತೇನೆ. ಕೂಗಿದವರ ಬಾಯಿ ಅಲುಗುವುದನ್ನು ಕಂಡ ಮೇಲೆಯೇ ಓ ಎನ್ನುತ್ತೇನೆ.

ನಾನು ರಾಯಚೂರಿನಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡವನು. ಹೊಟ್ಟೆಪಾಡಿಗೆ ಮದುವೆಗಳು ಮತ್ತು ಅರ್ಜಿಗೆ ಅಂಟಿಸುವ ಸಣ್ಣ ಮುಖಗಳು. ಖುಷಿಗೆ ಸಂಗೀತ ಕಚೇರಿಗಳು. ಕಚೇರಿಯಲ್ಲಿ ಫೋಟೊ ತೆಗೆಯಲು ನಾನು ಕೆಲವು ಕಟ್ಟುಪಾಡುಗಳನ್ನು ಮಾಡಿಕೊಂಡಿದ್ದೇನೆ. ಫ್ಲಾಶ್ ಹೊಡೆಯುವುದಿಲ್ಲ. ಕೇಳುವವರಿಗೆ ಅಡ್ಡ ನಿಲ್ಲುವುದಿಲ್ಲ. ಆಲಾಪ ನಡೆದಾಗ ಕ್ಯಾಮೆರಾ ಮುಟ್ಟುವುದಿಲ್ಲ, ಅದರ ಕಟಕಟ ಸದ್ದು ಶ್ರುತಿಯ ಮೇಲೆ ಬೀಳುತ್ತದೆ. ಹಾಡುವವರ ಬಾಯಿ ಪೂರ್ತಿ ತೆರೆದಿರುವಾಗಲೂ ತೆಗೆಯುವುದಿಲ್ಲ. ಈ ಕಡೆಯದು ಕಷ್ಟದ್ದು. ಗಾಯಕರು ವೇದಿಕೆಯ ಮೇಲೆ ಬಾಯಿ ಮುಚ್ಚುವುದು ಅಪರೂಪ. ಹಾಗಾಗಿ ನಾನು ತೆಗೆದ ಫೋಟೊಗಳಲ್ಲಿ ಬಹಳಷ್ಟು ಗಾಯಕರು ನೀರು ಕುಡಿಯುತ್ತಿದ್ದಾರೆ.

ಇದಕ್ಕಿಂತ ಬಿಗಿಯಾದ ಕಟ್ಟುಪಾಡು ಇದ್ದದ್ದು ಮಾನ್ವಿಯ ನನ್ನ ಗೆಳೆಯರ ಮನೆಯಲ್ಲಿ. ಅವರು ಅಕ್ಕಿ ಗಿರಣಿಯ ಮಾಲೀಕರು. ಊರೆಲ್ಲ ಸಾವುಕಾರರು ಎನ್ನುತ್ತದೆ, ನಾನೂ ಹಾಗೇ ಎನ್ನುತ್ತೇನೆ. ಹಳೆಯ ರೆಕಾರ್ಡುಗಳನ್ನು ಕೂಡಿಡುವ ಹುಚ್ಚು ಅವರಿಗೆ. ಗಿರಣಿಯ ಹಿಂದೆ ಒಂದು ಕೋಣೆ, ಅದರಲ್ಲಿ ತವುಡಿನ ಧೂಳು ಹೋಗದಂತೆ ಸಂದುಗಳಿಗೆ ಬಟ್ಟೆ ತುರುಕಿದ ಕಬ್ಬಿಣದ ಕಪಾಟು, ಕಪಾಟಿನಲ್ಲಿ ರೆಕಾರ್ಡುಗಳು. ಗಿರಣಿ ಓಡುವಾಗ ಕೋಣೆಯ ನೆಲ ನಡುಗಿ ಸೂಜಿ ಜಿಗಿಯುತ್ತದೆ. ಆದ್ದರಿಂದ ರೆಕಾರ್ಡು ಕೇಳುವುದು ಅಮಾವಾಸ್ಯೆಗೆ ಮಾತ್ರ. ಆ ದಿನ ಹಮಾಲರು ಬರುವುದಿಲ್ಲ, ಯಂತ್ರಕ್ಕೆ ಕಾಯಿ ಒಡೆದು ಗಿರಣಿಗೆ ರಜೆ. ಊರಿನ ಜನ ಅಮಾವಾಸ್ಯೆಗೆ ಹೊಸ ಕೆಲಸ ಹಿಡಿಯಲು ಹಿಂಜರಿದರೆ, ನಾವು ಅಮಾವಾಸ್ಯೆ ಯಾವಾಗ ಎಂದು ಪಂಚಾಂಗ ನೋಡುತ್ತಿದ್ದೆವು.

ನಾವು ಎಂದರೆ ಸಾವುಕಾರರು, ನಾನು, ಮತ್ತು ರಾಯಚೂರಿನ ಒಬ್ಬ ನಿವೃತ್ತ ಸಂಸ್ಕೃತ ಮಾಸ್ತರರು. ಮಾಸ್ತರರದು ಮಠದ ಸೇವೆಯ ಮನೆತನ. ದಾಸರ ಪದಗಳೆಂದರೆ ಪ್ರಾಣ. ಕೋಣೆಯ ಗೋಡೆಗೆ ಸಾವುಕಾರರು ಒಂದು ಫಲಕ ಬರೆಸಿ ಹಾಕಿದ್ದರು: ರೆಕಾರ್ಡು ಹೊರಗೆ ಹೋಗುವುದಿಲ್ಲ, ಸೂಜಿ ಕೆಳಗಿರುವಾಗ ಮಾತಿಲ್ಲ, ವಾಹ್ ಇಲ್ಲ, ಫೋಟೊ ಇಲ್ಲ. ನಾನು ಒಮ್ಮೆ, ರೆಕಾರ್ಡಿಗೆ ಫೋಟೊ ತೆಗೆದರೆ ನಾಚಿಕೆಯಾಗುತ್ತದೆಯೇ ಎಂದು ಕೇಳಿದ್ದೆ.

“ಹಾಡೋರು ಎದುರಿಗೆ ಕುಂತಾರ ಅಂತ ತಿಳಕೋರಿ. ಎದುರಿಗೆ ಕುಂತಾಗ ತಗೀತಿದ್ರೇನು?” ಎಂದರು.

ಅವರು ಹಾಗೆ ನಿಜವಾಗಿಯೂ ತಿಳಿದುಕೊಂಡಿದ್ದರು. ಅದಕ್ಕೆ ಕಾರಣ ಒಂದು ಸಣ್ಣ ರೆಕಾರ್ಡು.

ಅದು ಸಿಕ್ಕದ್ದು ಪೋತ್ನಾಳದಲ್ಲಿ. ಹಳೆಯ ಚಹಾ ಹೋಟೆಲೊಂದನ್ನು ಕೆಡವುವಾಗ ಅಟ್ಟದಿಂದ ಇಳಿಸಿದ ಪೆಟ್ಟಿಗೆಯಲ್ಲಿತ್ತು. ಮೇಲಿನ ಲಕೋಟೆ ಇರಲಿಲ್ಲ. ನಡುವಿನ ಚೀಟಿಯನ್ನು ಗೆದ್ದಲು ತಿಂದಿತ್ತು. ಯಾರು ಹಾಡಿದ್ದು, ಯಾವ ಕಂಪನಿಯದು, ಏನೂ ಉಳಿದಿರಲಿಲ್ಲ. ಒಂದು ಬಾಜೂ ಗೀರು ಬಿದ್ದು ಕೆಟ್ಟು ಸೂಜಿ ನಿಲ್ಲುತ್ತಿರಲಿಲ್ಲ. ಇನ್ನೊಂದರಲ್ಲಿ ಕೃಷ್ಣನನ್ನು ತೂಗುವ ಒಂದು ತೊಟ್ಟಿಲ ಪದವಿತ್ತು. ಹಾಡಿದ್ದು ಒಂದು ಗಂಡು ಧ್ವನಿ. ಎಂಥ ಧ್ವನಿ! ಬಾವಿಯ ತಳದಿಂದ ಕೊಡ ಮೇಲೆ ಬಂದ ಹಾಗೆ, ಒಂದೊಂದೇ ಅಕ್ಷರ ನಿಧಾನವಾಗಿ, ತುಂಬಿಕೊಂಡು ಬರುತ್ತಿತ್ತು. ಎರಡನೆಯ ನುಡಿಯ ನಡುವೆ ಒಮ್ಮೆ ಮಾತ್ರ ಎಲ್ಲೋ ದೂರದಲ್ಲಿ ಗಂಟೆ ಬಾರಿಸಿದಂತೆ ಒಂದು ಸದ್ದು.

ಮಾಸ್ತರರು ಈ ಹಾಡಿನ ಮೇಲೆ ರಾಯಚೂರಿನ ಎರಡು ಸಭೆಗಳಲ್ಲಿ ಮಾತಾಡಿದ್ದರು. “ತೊಟ್ಟಿಲ ಪದವನ್ನು ಇಷ್ಟು ವಿಲಂಬದಲ್ಲಿ ಹಾಡುವ ಎದೆ ಯಾರಿಗಿದೆ? ಈ ಮಹಾನುಭಾವ ಕೂಸನ್ನು ತೂಗುತ್ತಿಲ್ಲ, ಬ್ರಹ್ಮಾಂಡವನ್ನು ತೂಗುತ್ತಿದ್ದಾನೆ. ಆ ಗಂಟೆ ಪ್ರಳಯಕಾಲದ ಗಂಟೆ” ಎಂದು ಅವರು ಹೇಳಿದಾಗ ಹಿಂದಿನ ಸಾಲಿನವರೂ ಮೊಬೈಲ್ ಕೆಳಗಿಟ್ಟು ಕೇಳಿದ್ದನ್ನು ನಾನು ನೋಡಿದ್ದೇನೆ.

ಸಾವುಕಾರರು ಇನ್ನೂ ಮುಂದೆ ಹೋದರು. ರಾಯಚೂರಿನ ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರೊಬ್ಬರನ್ನು ಕರೆಸಿ, ಕೋಣೆಯಲ್ಲಿ ಕೂರಿಸಿ, ರೆಕಾರ್ಡು ಕೇಳಿಸಿ, ಆ ಧ್ವನಿಗೆ ಒಪ್ಪುವ ಮುಖ ಬರೆಸಿದರು. ದಪ್ಪ ಮೀಸೆ, ಅಗಲ ಎದೆ, ಅರ್ಧ ಮುಚ್ಚಿದ ಕಣ್ಣು. ಹಣೆಯ ವಿಷಯಕ್ಕೆ ಮಾತ್ರ ಜಗಳ ಬಂತು. ಗಾಯಕರಿಗೆ ವಿಭೂತಿ ಇರಲೇಬೇಕು ಎಂದು ಸಾವುಕಾರರು. ದಾಸರ ಪದ ಹಾಡಿದವರ ಹಣೆಗೆ ವಿಭೂತಿ ಎಲ್ಲಿಂದ ಬಂತು, ಅಂಗಾರ ಅಕ್ಷತೆ ಬರೆಯಿರಿ ಎಂದು ಮಾಸ್ತರರು. ಪೇಂಟರು ಇಬ್ಬರ ಮುಖ ನೋಡಿ, ರುಮಾಲನ್ನು ಹುಬ್ಬಿನ ತನಕ ಇಳಿಸಿ ಬರೆದುಬಿಟ್ಟರು. ಆ ಚಿತ್ರಕ್ಕೆ ಪ್ರತಿ ಅಮಾವಾಸ್ಯೆ ಹೊಸ ಮಾಲೆ ಬೀಳುತ್ತಿತ್ತು. ಅದರ ಕೆಳಗೆ ‘ಗವಾಯಿಗಳು’ ಎಂದಷ್ಟೇ ಬರೆದಿತ್ತು. ಸಾವುಕಾರರ ಹೆಂಡತಿ ಹಬ್ಬದ ದಿನ ಅಲ್ಲಿಗೂ ಎಡೆ ಇಡುತ್ತಿದ್ದರು. ಮಾವನವರ ಕಡೆಯ ಯಾರೋ ಹಿರಿಯರೆಂದು ಅವರು ತಿಳಿದಿದ್ದರಂತೆ. ಇದು ನಾನು ಕೇಳಿದ್ದು, ಕಂಡದ್ದಲ್ಲ.

ಹೀಗಿರುವಾಗ ನಾನು ದೇವದುರ್ಗಕ್ಕೆ ಹೋದೆ. ಅಲ್ಲಿನ ಹೆಂಗಸರ ಭಜನಾ ಮಂಡಳಿಯ ಕಾರ್ಯಕ್ರಮಕ್ಕೆ ಫೋಟೊ ತೆಗೆಯಬೇಕಿತ್ತು. ಮುಂದೆ ಕೂತು ಹಾಡಿಸುತ್ತಿದ್ದವರು ಎಪ್ಪತ್ತು ದಾಟಿದ ಅಜ್ಜಿ. ತೆಳ್ಳಗಿನ ಮೈ, ದಪ್ಪ ಕನ್ನಡಕ. ನಾನು ಗೋಡೆಗೆ ಒರಗಿ, ಯಾರಿಗೂ ಅಡ್ಡವಾಗದಂತೆ ಕ್ಯಾಮೆರಾ ಎತ್ತಿದೆ. ಅವರು ಹಾಡನ್ನು ಅರ್ಧಕ್ಕೆ ನಿಲ್ಲಿಸಿದರು.

“ತಮ್ಮಾ, ಬಾಯಿ ತೆರದಾಗ ತಗೀಬ್ಯಾಡಪಾ. ಒಳಗ ಹಲ್ಲಿಲ್ಲ, ನೋಡೋದೇನದ?”

“ನಾ ಹಂಗ ತಗಿಯಂಗಿಲ್ರೀ ಅಮ್ಮಾರ. ಬಾಯಿ ಮುಚ್ಚೋ ತನಕಾ ಕಾಯ್ತೀನಿ.”

“ಹಂಗಾರ ನಾಳಿ ಬಾ” ಎಂದು ಸಭೆಯನ್ನೆಲ್ಲ ನಗಿಸಿ, ಬಿಟ್ಟಲ್ಲಿಂದಲೇ ಹಾಡು ಹಿಡಿದರು.

ಕಾರ್ಯಕ್ರಮ ಮುಗಿದು ಅವಲಕ್ಕಿ ತಿನ್ನುವಾಗ ಅವರು ತಾವಾಗಿ ಮಾತು ತೆಗೆದರು. ಮದುವೆಗೆ ಮೊದಲು ತಂದೆಯವರ ಜೊತೆ ಹೈದರಾಬಾದಿಗೆ ಹೋಗಿ ಒಂದು ರೆಕಾರ್ಡಿಗೆ ಹಾಡಿದ್ದರಂತೆ. ಮದುವೆಯಾದ ಮೇಲೆ ಮಾವನವರು ಅದನ್ನು ಯಾರಿಗೋ ಕೇಳಲು ಕೊಟ್ಟರು. ತೆಗೆದುಕೊಂಡವರು ಮರಳಿ ಕೊಡಲಿಲ್ಲ. ತಮ್ಮ ಹಾಡನ್ನು ತಾವೇ ಪೂರ್ತಿ ಕೇಳಿದ್ದು ಒಂದೋ ಎರಡೋ ಸಲ.

ಪಕ್ಕದಲ್ಲಿದ್ದ ಸೊಸೆ ತಟ್ಟೆ ಒಟ್ಟುತ್ತ, “ಈ ರೆಕಾರ್ಡಿನ ಪುರಾಣ ನಾ ಲಗ್ನಾಗಿ ಬಂದಾಗಿಂದ ಕೇಳಾಕತ್ತೀನ್ರಿ. ಹಾಡ್ಯಾರಂತ, ರೆಕಾರ್ಡಿಲ್ಲ. ಹೋಗ್ಯಾರಂತ, ಫೋಟೊ ಇಲ್ಲ. ನಾನೂ ದಿಲ್ಲಿ ಕೆಂಪು ಕ್ವಾಟಿಮ್ಯಾಲ ಹಾಡೀನಿ ಅಂದ್ರ ನಂಬ್ತೀರೇನು?” ಎಂದರು.

“ನಿನ್ನ ಹಾಡು ಕೇಳಿದ್ರ ಕ್ವಾಟಿನೇ ಬೀಳ್ತಿತ್ತು, ಹೋಗs” ಎಂದರು ಅಜ್ಜಿ. ಆದರೆ ಮಾತಿನ ಕಡೆಗೆ ದನಿ ಸಣ್ಣದಾಗಿತ್ತು. ಇಂಥ ಚೇಷ್ಟೆಯನ್ನು ಮೂವತ್ತು ವರ್ಷ ತಡೆದುಕೊಂಡವರ ದನಿ ಅದು.

ನಾನು ಸೌಜನ್ಯಕ್ಕೆ, ಯಾವ ಪದ ಹಾಡಿದ್ದಿರಿ ಎಂದು ಕೇಳಿದೆ.

“ತೊಟ್ಟಿಲ ಪದ. ಎರಡನೇ ನುಡಿಗೆ ನನ್ನ ಕೈಯಾಗಿನ ಬಳಿ ತಂಬೂರಿಗೆ ತಾಗಿ ಠಣ್ ಅಂತು. ಮತ್ತ ಹಾಡ್ತೀನಿ ಅಂದ್ರ, ಆತು ನಡೀರಿ ಅಂದ್ರು ಆ ಮಂದಿ.”

ನನ್ನ ಕೈಯಲ್ಲಿದ್ದ ಅವಲಕ್ಕಿ ಕೈಯಲ್ಲೇ ಉಳಿಯಿತು. ಗಂಟೆ ನನಗೆ ಗೊತ್ತಿತ್ತು. ಆದರೆ ಆ ಗಂಟೆಯ ಪಕ್ಕದಲ್ಲಿ ಇದ್ದದ್ದು ಮೀಸೆಯ ಗವಾಯಿ. ನಾನು ಕಂಡದ್ದನ್ನು ಕೇಳಿದ್ದನ್ನು ಮಾತ್ರ ಹೇಳುವವನಾದ್ದರಿಂದ, ಮಾನ್ವಿಯಲ್ಲಿ ಇಂಥದೊಂದು ರೆಕಾರ್ಡಿದೆ, ಆದರೆ ಧ್ವನಿ ಗಂಡಸರದು ಎಂದು ಇದ್ದ ಹಾಗೆ ಹೇಳಿದೆ.

ಸೊಸೆ ನಕ್ಕರು. ಆಮೇಲೆ ಅಜ್ಜಿ ಸೊಸೆಯ ಕಡೆ ತಿರುಗಿ, “ಹೋಗಿ ಕೇಳೋಣ. ನಂದಲ್ಲ ಅಂದ್ರ ಇನ್ನ ಸಾಯೋ ತನಕಾ ಆ ಮಾತು ಎತ್ತಂಗಿಲ್ಲ. ನಂದಾದ್ರ?” ಎಂದರು.

“ನಿಮ್ಮದಾದ್ರ ಊರ ಮಂದಿಗೆಲ್ಲಾ ನಾನs ಹೇಳ್ತೀನಿ, ತಗೋರಿ.”

ಸಾವುಕಾರರಿಗೆ ಫೋನು ಮಾಡಿದೆ. ಅವರು ದೊಡ್ಡ ಮನಸ್ಸಿನವರು. “ಪಾಪ, ವಯಸ್ಸಾದೋರು. ಕರಕೊಂಬರ್ರಿ. ಗವಾಯಿಗಳನ್ನ ಕೇಳಿದ್ರ ಅವರ ಭ್ರಮಾನೂ ಹೋಗ್ತದ, ಪುಣ್ಯಾನೂ ಬರ್ತದ” ಎಂದರು.

ಅಮಾವಾಸ್ಯೆಯ ದಿನ ಅತ್ತೆ ಸೊಸೆ ಸಿರವಾರದ ಮೇಲೆ ಬಸ್ಸಿನಲ್ಲಿ ಬಂದಿಳಿದರು. ನಾನೂ ಮಾಸ್ತರರೂ ಆಗಲೇ ಬಂದಿದ್ದೆವು. ಸಾವುಕಾರರ ಮನೆಯಲ್ಲಿ ಉಪಚಾರಕ್ಕೆ ಕೊರತೆ ಇಲ್ಲ: ಚಹಾ, ಚುರುಮುರಿ, ಮಿರ್ಚಿ. ಅಜ್ಜಿ ಏನೂ ಮುಟ್ಟಲಿಲ್ಲ. ನೇರ ಕೋಣೆಗೆ ಬಂದು, ಮಾಲೆ ಹಾಕಿದ ಚಿತ್ರದ ಎದುರು ನಿಂತು ಕೈ ಮುಗಿದರು.

“ಯಾರೀ ಇವರು? ನಿಮ್ಮ ಅಜ್ಜಾರೇನು?”

“ಆ ಪದ ಹಾಡಿದ ಗವಾಯಿಗಳ್ರೀ ಅಮ್ಮಾರ” ಎಂದರು ಸಾವುಕಾರರು, ತುಸು ಸಂಕೋಚದಿಂದ.

ಅಜ್ಜಿ ಮುಗಿದ ಕೈ ಇಳಿಸಿದರು. ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡು, “ಅತ್ಯಾರ, ಮದಿವಿಗೆ ಮೊದ್ಲ ಮೀಸಿ ಇತ್ತೇನ್ರೀ ನಿಮಗ?” ಎಂದರು.

ಸಾವುಕಾರರು ಮೆತ್ತನೆಯ ಬಟ್ಟೆಯಿಂದ ರೆಕಾರ್ಡು ಒರೆಸಿ, ಉಸಿರು ಬಿಗಿಹಿಡಿದು ಸೂಜಿ ಇಳಿಸಿದರು. ಬಾವಿಯಿಂದ ಕೊಡ ಮೇಲೇರತೊಡಗಿತು. ಮಾಸ್ತರರು ಕಣ್ಣು ಮುಚ್ಚಿದರು. ನಾನು ಮುಚ್ಚಲಿಲ್ಲ. ಅಜ್ಜಿಯ ಮುಖದಲ್ಲಿ ಮೊದಲು ಗಾಬರಿ, ಆಮೇಲೆ ಸೋತವರ ಒಂದು ಬಿಗುವು ಕಂಡಿತು. ಒಂದು ನುಡಿ ಮುಗಿಯಿತು. ಸೊಸೆ ಅತ್ತೆಯನ್ನು ನೋಡಲಿಲ್ಲ. ಗೆದ್ದವರು ಹಾಗೆ ನೋಡದಿರುವುದು ದೊಡ್ಡ ಗುಣ. ಆಗ ಗಂಟೆ ಬಾರಿಸಿತು.

“ನನ್ನ ಬಳಿ!” ಎಂದು ಅಜ್ಜಿ ಕೂಗಿದರು. ಸೂಜಿ ಕೆಳಗಿರುವಾಗ ಆ ಕೋಣೆಯಲ್ಲಿ ಯಾರೂ ಹಾಗೆ ಕೂಗಿದ್ದಿಲ್ಲ. ಸಾವುಕಾರರು ಬೆಚ್ಚಿ ಸೂಜಿ ಎತ್ತಿದರು.

“ಅದು ಪ್ರಳಯದ ಗಂಟೆ ಅಮ್ಮಾರ” ಎಂದರು ಮಾಸ್ತರರು, ಕಣ್ಣು ತೆರೆಯದೆ.

“ಪ್ರಳಯ ಅಲ್ರೀ ಮಾಸ್ತರ, ಹಿತ್ತಾಳಿ ಬಳಿ. ಮತ್ತ ಈ ಪುಣ್ಯಾತ್ಮ ಯಾಕ ಹಿಂಗ ಹಾಡಾಕತ್ಯಾನ? ನೆಗಡಿ ಆಗ್ಯದೇನು? ಇಷ್ಟು ನಿಧಾನ ತೂಗಿದ್ರ ಕೂಸು ತಾನs ಎದ್ದು ತೊಟ್ಟಿಲಾ ತೂಗ್ತದ. ಜಲ್ದಿ ತಿರುಗಸ್ರಿ ಅದನ್ನ!”

ರೆಕಾರ್ಡಿನ ಸಂಗತಿ ತಿಳಿಯದವರಿಗಾಗಿ ಇಲ್ಲಿ ಒಂದು ಮಾತು. ಆ ಅಳತೆಯ ಸಣ್ಣ ರೆಕಾರ್ಡುಗಳಲ್ಲಿ ಎರಡು ಜಾತಿ. ಕೆಲವನ್ನು ನಿಮಿಷಕ್ಕೆ ಮೂವತ್ತಮೂರು ಸುತ್ತಿನಂತೆ ತಿರುಗಿಸಬೇಕು, ಕೆಲವನ್ನು ನಲವತ್ತೈದರಂತೆ. ಯಾವುದು ಎಂದು ನಡುವಿನ ಚೀಟಿಯ ಮೇಲೆ ಅಚ್ಚಾಗಿರುತ್ತದೆ. ಸಾವುಕಾರರ ಬಳಿ ಇದ್ದ ಬೇರೆ ಸಣ್ಣವೆಲ್ಲ ಮೂವತ್ತಮೂರರವು. ಹಾಗಾಗಿ ಇದೂ ಅದೇ ಎಂದು ಮೊದಲ ದಿನ ಇಟ್ಟರು. ಆಮೇಲೆ ವೇಗ ಬದಲಿಸುವ ಗುಬ್ಬಿಯನ್ನು ಯಾರೂ ಮುಟ್ಟಲಿಲ್ಲ.

“ಇದು ಮೂವತ್ಮೂರರದ್ದ್ರೀ” ಎಂದರು ಸಾವುಕಾರರು.

“ಯಾರು ಹೇಳ್ಯಾರ?” ಎಂದು ಸೊಸೆ ಕೇಳಿದರು.

“ಚೀಟಿ ಇಲ್ಲಲ್ರೀ. ಗೆದ್ದಲಾ ತಿಂದದ.”

“ಹಂಗಾರ ಗೆದ್ದಲಕ್ಕs ಗೊತ್ತು, ನಿಮಗೇನು ಗೊತ್ತು? ತಿರುಗಸ್ರಲಾ.”

ಸಾವುಕಾರರು ಗುಬ್ಬಿಯ ಹತ್ತಿರ ಕೈ ಒಯ್ದು ಹಿಂದಕ್ಕೆ ತಂದರು. ನೂರಾರು ಚೀಲ ಭತ್ತದ ವ್ಯವಹಾರವನ್ನು ಒಂದು ಮಾತಿನಲ್ಲಿ ಮುಗಿಸುವ ಕೈ ಅದು. “ಅಮ್ಮಾರ, ತಿರುಗಿಸಿದ್ರ ಇವರು ಎಲ್ಲಿಗೆ ಹೋಗ್ತಾರ?” ಎಂದು ಚಿತ್ರದ ಕಡೆ ನೋಡಿದರು. ನಮ್ಮಲ್ಲಿ ಯಾರಿಗೂ ನಗು ಬರಲಿಲ್ಲ. ಅಪ್ಪ ತೀರಿಕೊಂಡು ಗಿರಣಿ ತಲೆಯ ಮೇಲೆ ಬಿದ್ದ ವರ್ಷಗಳಲ್ಲಿ ಪ್ರತಿ ಅಮಾವಾಸ್ಯೆ ಅವರು ಮೊದಲು ಒಬ್ಬರೇ ಕೂತು ಈ ಧ್ವನಿ ಕೇಳುತ್ತಿದ್ದರೆಂದು ನನಗೆ ಗೊತ್ತಿತ್ತು.

“ಎಲ್ಲಿಗೂ ಹೋಗಂಗಿಲ್ಲಪಾ. ಒಂದು ಸಲ ಕೇಳಸು. ನನಗೂ ವಯಸ್ಸಾತು” ಎಂದರು ಅಜ್ಜಿ.

ಅವರು ಗುಬ್ಬಿ ತಿರುಗಿಸಿದರು.

ಏನು ಹೇಳಲಿ? ಕೋಣೆಯೊಳಗೆ ಒಬ್ಬ ಹುಡುಗಿ ಬಂದಳು. ತೆಳ್ಳಗಿನ, ಚುರುಕಾದ ಧ್ವನಿ. ತೊಟ್ಟಿಲ ಹಗ್ಗ ಹಿಡಿದು ಜಗ್ಗುವ ಲಯ. ಪ್ರಳಯದ ಗಂಟೆ ಬಂದು, ಬಳೆಯಾಗಿ ಠಣ್ ಎಂದು ಹೋಯಿತು. ಮಾಸ್ತರರು ಕಣ್ಣು ತೆರೆದು ನೆಲ ನೋಡಿದರು. ಬಹುಶಃ ಎರಡು ಸಭೆಗಳ ಜನ ಅವರ ಕಣ್ಣ ಮುಂದೆ ಬಂದಿರಬೇಕು. ಅಜ್ಜಿಯ ಮುಖವನ್ನು ನಾನು ನೋಡಿದೆ. ಕ್ಯಾಮೆರಾ ಕುತ್ತಿಗೆಯಲ್ಲಿತ್ತು. ಕಿಟಕಿಯ ಬೆಳಕು ಸರಿಯಾಗಿ ಕೆನ್ನೆಗೆ ಬಿದ್ದಿತ್ತು. ನನ್ನ ಕಸುಬಿನಲ್ಲಿ ಅಂಥ ಮುಖ ಒಮ್ಮೆ ಸಿಕ್ಕರೆ ಪುಣ್ಯ. ಫಲಕದಲ್ಲಿ ಬರೆದಿತ್ತು, ಸೂಜಿ ಕೆಳಗಿತ್ತು, ಅವರ ಬಾಯಿಯೂ ತೆರೆದಿತ್ತು. ನಾನು ತೆಗೆಯಲಿಲ್ಲ.

ಹಾಡು ಮುಗಿದದ್ದೇ ಅಜ್ಜಿ ನನ್ನ ಕಡೆ ತಿರುಗಿದರು. “ತಗದೀ?”

“ಇಲ್ರೀ ಅಮ್ಮಾರ. ಹಾಡು ನಡದಾಗ ತಗೀಬಾರದು.”

“ಅಯ್ಯ ನಿನ್ನ! ಬ್ಯಾಡ ಅಂದಾಗ ಕ್ಯಾಮೆರಾ ಎತ್ತತೀ, ಬೇಕಾದಾಗ ಮಡಿ ಮಾಡ್ತೀ.”

ಸೊಸೆಯ ಮುಖದಲ್ಲಿ ಈಗ ನಗುವಿರಲಿಲ್ಲ. ಆದರೆ ನ್ಯಾಯದ ಹೆಂಗಸು ಆಕೆ. “ಹುಡುಗಿ ಧ್ವನಿ ಹೌದ್ರೀ ಅತ್ಯಾರ. ಅದು ನೀವs ಅಂತ ಹೆಂಗ ಹೇಳೂದು? ಬಳಿ ಎಲ್ಲಾರೂ ಹಾಕ್ಕೋತಾರ” ಎಂದರು.

ಮಾತು ಸರಿಯಾಗಿತ್ತು. ಅಜ್ಜಿ ರೆಕಾರ್ಡಿನ ಜೊತೆ ಹಾಡಿ ತೋರಿಸುತ್ತೇನೆ ಎಂದು ಮತ್ತೆ ಇಡಿಸಿದರು. ಆಗಲಿಲ್ಲ. ಆ ಹುಡುಗಿಯ ಶ್ರುತಿ ಹಾರ್ಮೋನಿಯಂ ಲೆಕ್ಕದಲ್ಲಿ ಕರಿ ನಾಲ್ಕು, ಅಂದರೆ ನಾಲ್ಕನೆಯ ಕಪ್ಪು ಮನೆ. ಅಜ್ಜಿಯ ಧ್ವನಿ ಅಲ್ಲಿಗೆ ಏರದೆ ಮೆಟ್ಟಿಲಲ್ಲೇ ಎಡವಿತು. ಎರಡು ಸಲ ಪ್ರಯತ್ನಿಸಿ, ಕೆಮ್ಮಿ, ಕನ್ನಡಕ ತೆಗೆದು ಒರೆಸಿದರು. ಸಾಯುವ ತನಕ ಮಾತೆತ್ತುವುದಿಲ್ಲ ಎಂದು ತಾವೇ ಹೇಳಿದ್ದು ನೆನಪಾಗಿರಬೇಕು. ಆಮೇಲೆ ತಟ್ಟನೆ ತಲೆ ಎತ್ತಿ, “ಸಾವ್ಕಾರ್ರ, ಮೊದ್ಲಿನ್ಹಂಗ ಇಡ್ರಿ. ಆ ನೆಗಡಿ ಬಂದೋರನ್ನ ಕರೀರಿ” ಎಂದರು.

ಗುಬ್ಬಿ ಹಿಂದಕ್ಕೆ ತಿರುಗಿತು. ಗವಾಯಿಗಳು ಬಾವಿಯಿಂದ ಎದ್ದರು. ಅವರ ಜೊತೆಗೆ ಅಜ್ಜಿ ಎತ್ತಿದರು.

ನಿಧಾನದ ಸುತ್ತು ಆ ಧ್ವನಿಯನ್ನು ಎಷ್ಟು ಇಳಿಸಿತ್ತೋ, ವಯಸ್ಸು ಇಳಿಸಿದ್ದೂ ಅಷ್ಟೇ ದೂರ. ಕರಿ ನಾಲ್ಕರಿಂದ ಕರಿ ಎರಡಕ್ಕೆ. ಕೂದಲೆಳೆ ಬೇರೆ ಇರಲಿಲ್ಲ. ತೊಟ್ಟಿಲು ಎಂಬ ಮಾತಿನ ನಡುವೆ, ತೊಟ್ ಎಂದ ಮೇಲೆ, ಯಾರೂ ಉಸಿರು ತೆಗೆದುಕೊಳ್ಳಬಾರದ ಜಾಗದಲ್ಲಿ, ರೆಕಾರ್ಡಿನಲ್ಲಿದ್ದವರು ಉಸಿರು ತೆಗೆದುಕೊಂಡರು. ಅಲ್ಲೇ ಅಜ್ಜಿಯೂ ತೆಗೆದುಕೊಂಡರು. ಮುಂದಿನ ನುಡಿಯಲ್ಲೂ ಹಾಗೇ. ಅದಕ್ಕಾಗಿ ತಂದೆಯವರ ಕೈಯಲ್ಲಿ ಬೈಸಿಕೊಂಡರೂ ಆ ಚಟ ಇನ್ನೂ ಹೋಗಿಲ್ಲ ಎಂದು ಆಮೇಲೆ ಹೇಳಿದರು. ಹಾಡು ಮುಗಿಯುವ ಹೊತ್ತಿಗೆ ಎದುರಿಗೆ ಕೂತವರು ಯಾರು, ತಟ್ಟೆಯ ಮೇಲೆ ತಿರುಗುತ್ತಿರುವವರು ಯಾರು ಎಂದು ಬೇರೆ ಮಾಡಿ ಹೇಳುವುದು ನನ್ನಿಂದ ಆಗುತ್ತಿರಲಿಲ್ಲ.

“ವಾಹ್!” ಎಂದವರು ಸಾವುಕಾರರು. ಸೂಜಿ ಇನ್ನೂ ಕೆಳಗಿತ್ತು. ಅವರು ಎದ್ದು, ಅಜ್ಜಿಯ ಕಾಲು ಮುಟ್ಟಿ, ಎಷ್ಟೋ ಹೊತ್ತು ಏಳಲಿಲ್ಲ. “ಗವಾಯಿಗಳು ಹೋದ್ರು ಅಂತ ಅಂಜಿದ್ನಿ ಯವ್ವಾ” ಎಂದರು. ಆಮೇಲೆ ನನ್ನನ್ನು ನೋಡಿ, “ತಗೀರಲೇ ಫೋಟೊ, ಏನು ನಿಂತೀರಿ!” ಎಂದು ಗದರಿದರು. ನಾನು ಕ್ಯಾಮೆರಾ ಎತ್ತಿದೆ. ಅಜ್ಜಿ ತಕ್ಷಣ ಬಾಯಿ ಬಿಗಿದು, ಆಧಾರ್ ಕಾರ್ಡಿಗೆ ಕೂತವರಂತೆ ಕೂತರು. ಎಷ್ಟು ತೆಗೆದರೂ ಅದೇ ಮುಖ. ಚಿತ್ರದಲ್ಲಿನ ಗವಾಯಿಗಳೇ ಹೆಚ್ಚು ಹಾಡಿದವರಂತೆ ಕಾಣುತ್ತಿದ್ದರು.

ಮಾಸ್ತರರು ಕಡೆಗೆ ಒಂದೇ ಮಾತು ಆಡಿದರು: “ಅಮ್ಮಾರ, ಬ್ರಹ್ಮಾಂಡ ಅಂದದ್ದು ಪೂರ್ತಿ ಸುಳ್ಳಲ್ಲ.” “ಇರ್ಲಿ ಮಾಸ್ತರ, ಅದನ್ನೂ ತೂಗಿದ್ರಾತು” ಎಂದು ಅಜ್ಜಿ ಮಿರ್ಚಿಯ ತಟ್ಟೆ ಹತ್ತಿರ ಎಳೆದುಕೊಂಡರು. ಸೊಸೆ ಅತ್ತೆಯ ಚಪ್ಪಲಿಗಳನ್ನು ತಂದು ಅವರ ಕಾಲ ಹತ್ತಿರ ಜೋಡಿಸಿ ಇಟ್ಟರು.

ನಾನು ಅವರನ್ನು ಬಸ್ ನಿಲ್ದಾಣಕ್ಕೆ ಬಿಟ್ಟೆ. ದೇವದುರ್ಗದ ಬಸ್ಸು ತುಂಬಿತ್ತು. ಸೊಸೆ ಮೊದಲು ಹತ್ತಿ, ಮುಂದಿನ ಸೀಟಿನಲ್ಲಿ ಕೂತಿದ್ದ ದಪ್ಪನೆಯ ಮನುಷ್ಯನ ಎದುರು ನಿಂತರು.

“ಏಳ್ರೀ ಯಪ್ಪಾ, ಜಾಗಾ ಬಿಡ್ರಿ. ನಮ್ಮ ಅತ್ತಿ ರೆಕಾರ್ಡ್ ಹಾಡಿದೋರು.”

ಆತ ಗಾಬರಿಯಿಂದ ಎದ್ದ. ವಯಸ್ಸಾದವರೆಂದರೂ ಏಳುತ್ತಿದ್ದ, ಪಾಪ. ಅಜ್ಜಿ ಕೂತು, “ಸುಮ್ಮನಿರs, ಮಂದಿ ನೋಡಾಕತ್ತಾರ” ಎಂದರು.

“ನೋಡ್ಲಿ. ಹೈದರಾಬಾದಿನ್ಯಾಗ ಹಾಡ್ಯಾರ್ರಿ” ಎಂದು ಸೊಸೆ ಹಿಂದಿನ ಸೀಟಿನವರಿಗೂ ಕೇಳುವಂತೆ ಹೇಳಿದರು. “ಎರಡು ರೆಕಾರ್ಡು.”

“ಒಂದು” ಎಂದರು ಅಜ್ಜಿ.

“ಎರಡು ಬಾಜೂ ಇರ್ತಾವಲ್ರೀ ಅತ್ಯಾರ, ನೀವು ಸುಮ್ಮನ ಕುಂದರ್ರಿ” ಎಂದು ಸೊಸೆ, ಕಂಡಕ್ಟರ್ ಟಿಕೆಟ್ ಕೇಳಿದರೂ ಗಮನಿಸದೆ, ಪಕ್ಕದವರಿಗೆ ಮೊದಲಿನಿಂದ ಹೇಳತೊಡಗಿದರು.